ಎಂಆರ್‌ಐಯಲ್ಲಿ ಅಲುಗಾಟ: ನೆರಳು ಬಿದ್ದ ದಿಕ್ಕು ನೋಡಿ

ಸ್ಕ್ಯಾನ್ ನಡೆಯುವಾಗ ರೋಗಿ ಯಾವ ಕಡೆಗೆ ಅಲುಗಿದರೂ ಚಿತ್ರದಲ್ಲಿ ಮೂಡುವ ಸುಳ್ಳು ನೆರಳುಗಳು ಸಾಲುಗಟ್ಟುವುದು ಫೇಸ್ ಎನ್‌ಕೋಡಿಂಗ್ ದಿಕ್ಕಿನಲ್ಲೇ, ಅಂದರೆ ಸಾಲು ಸಾಲಾಗಿ ನಿಧಾನಕ್ಕೆ ಅಳೆಯುವ ದಿಕ್ಕಿನಲ್ಲೇ. ಕೆ-ಸ್ಪೇಸ್‌ನ (ಚಿತ್ರವಾಗುವ ಮೊದಲು ಸಂಕೇತ ತುಂಬಿಕೊಳ್ಳುವ ಕೋಷ್ಟಕ) ಒಂದು ಸಾಲು ಓದಲು ಕೆಲವೇ ಮಿಲಿಸೆಕೆಂಡು ಸಾಕು. ಆದರೆ ಎಲ್ಲ ಸಾಲು ತುಂಬುವಷ್ಟರಲ್ಲಿ ನಿಮಿಷಗಳೇ ಕಳೆದಿರುತ್ತವೆ.

ಅನುಮಾನ ಬಂದರೆ ಪರದೆಯ ಮೇಲೆ ವಿಂಡೋ (ಬೂದು ಛಾಯೆಗಳ ಹೊಂದಿಕೆ) ಇಳಿಸಿ, ದೇಹದ ಹೊರಗಿನ ಕಪ್ಪು ಭಾಗ ನೋಡಿ. ಸಮ ಅಂತರದ ನೆರಳಿದ್ದರೆ ಸಾಮಾನ್ಯವಾಗಿ ಉಸಿರಾಟ ಅಥವಾ ರಕ್ತನಾಳದ ಮಿಡಿತ. ಅಡ್ಡಾದಿಡ್ಡಿ ಹರಡಿದ್ದರೆ ರೋಗಿಯೇ ಮಿಸುಕಿದ್ದಾರೆ. ಅಂಚಿಗೆ ಅಂಟಿಕೊಂಡು, ಒಳಗೆ ಹೋದಂತೆ ಮಾಸುವ ತೆಳುಗೆರೆ ಗಿಬ್ಸ್, ಅಲುಗಾಟದಿಂದಲ್ಲ, ಅಳತೆ ಸಾಲದೆ ಮೂಡುವ ದೋಷ. ಅದಕ್ಕೆ ಮ್ಯಾಟ್ರಿಕ್ಸ್ (ಚಿತ್ರದ ಬಿಂದುಗಳ ಸಂಖ್ಯೆ) ಹೆಚ್ಚಿಸಬೇಕು, ರೋಗಿಯನ್ನು ಗದರಿಸಿ ಫಲವಿಲ್ಲ. ಗಾಯವೋ ನೆರಳೋ ತಿಳಿಯದಿದ್ದರೆ ಫೇಸ್ ಮತ್ತು ಫ್ರೀಕ್ವೆನ್ಸಿ (ಒಂದು ಸಾಲನ್ನು ಒಮ್ಮೆಗೇ ಓದುವ) ದಿಕ್ಕು ಅದಲುಬದಲು ಮಾಡಿ ಮತ್ತೊಮ್ಮೆ ತೆಗೆಯಿರಿ. ಗಾಯ ಇದ್ದಲ್ಲೇ ಇರುತ್ತದೆ, ನೆರಳು ತಿರುಗುತ್ತದೆ.

ಕುತ್ತಿಗೆಯ ಸ್ಯಾಜಿಟಲ್ (ಪಕ್ಕದಿಂದ ನೋಡಿದಂಥ ಸೀಳಿನ) ಚಿತ್ರದಲ್ಲಿ ಎಂಜಲು ನುಂಗುವುದೇ ದೊಡ್ಡ ಕಾಟ. ಫೇಸ್ ಅನ್ನು ತಲೆಯಿಂದ ಕಾಲಿನ ದಿಕ್ಕಿಗೆ ಹಾಕಿ, ಗಂಟಲ ಮೇಲೆ ಸ್ಯಾಚುರೇಶನ್ ಬ್ಯಾಂಡ್ (ಆ ಭಾಗದ ಸಂಕೇತ ಅಡಗಿಸುವ ಏರ್ಪಾಡು) ಇಡಿ. ಓವರ್‌ಸ್ಯಾಂಪ್ಲಿಂಗ್ (ಚೌಕಟ್ಟಿನಾಚೆಗೂ ಅಳೆಯುವುದು) ಮರೆತರೆ ಚಿತ್ರದ ಒಂದು ತುದಿ ಇನ್ನೊಂದರ ಮೇಲೆ ಮಡಚಿಕೊಳ್ಳುತ್ತದೆ.

ತಲೆ ನಿಲ್ಲಿಸಲಾಗದವರಿಗೆ ಪ್ರೊಪೆಲರ್ ಇದೆ. 1999ರಲ್ಲಿ ಸಂಶೋಧಕ ಜೇಮ್ಸ್ ಪೈಪ್ ಪ್ರಕಟಿಸಿದ ವಿಧಾನ. ಸೀಮೆನ್ಸ್ ಯಂತ್ರದಲ್ಲಿ ಇದೇ ಬ್ಲೇಡ್, ಫಿಲಿಪ್ಸ್‌ನಲ್ಲಿ ಮಲ್ಟಿವೇನ್. ತಿರುಗುತ್ತಾ ಹೋಗುವ ಪ್ರತಿ ಪಟ್ಟಿಯೂ (ಕೆಲವು ಸಾಲುಗಳ ಗುಂಪು) ಕೆ-ಸ್ಪೇಸ್‌ನ ನಡುಭಾಗವನ್ನು ಹಾದುಹೋಗುವುದರಿಂದ ಒಂದನ್ನೊಂದು ಹೋಲಿಸಿ ಸರಿಪಡಿಸಬಹುದು, ತೀರಾ ಕೆಟ್ಟ ಪಟ್ಟಿಯ ಪ್ರಭಾವ ತಗ್ಗಿಸಬಹುದು. ಆದರೆ ಸ್ಲೈಸ್‌ನ ಸಮತಲದೊಳಗಿನ ಚಲನೆ ಮಾತ್ರ ಸರಿಹೋಗುತ್ತದೆ. ಹೌದೆಂಬಂತೆ ತಲೆಯಾಡಿಸುವವರಿಗೆ ಆ್ಯಕ್ಸಿಯಲ್ (ಅಡ್ಡ ಸೀಳಿನ) ಬ್ಲೇಡ್ ಹಾಕಿ ಲಾಭ ಕಡಿಮೆ, ಸ್ಯಾಜಿಟಲ್ ತೆಗೆಯಿರಿ. ಮೊದಲು ಕಿವಿಯ ಎರಡೂ ಬದಿಗೆ ಫೋಮ್ ಬಿಗಿಯಾಗಿ ತುರುಕಿ, ಮೊಣಕಾಲ ಕೆಳಗೆ ದಿಂಬು ಕೊಡಿ. ಸೊಂಟ ನೋಯುವವರು ಹತ್ತು ನಿಮಿಷಕ್ಕೇ ಮಿಸುಕುತ್ತಾರೆ.

ಹೊಟ್ಟೆಯ ಸ್ಕ್ಯಾನ್‌ನ ಕಥೆ ಬೇರೆ, ಅಲ್ಲಿ ಸೂಚನೆ ಕೇಳಿ ಉಸಿರು ಹಿಡಿಯಬೇಕು. ಮುಂಬೈ, ಪುಣೆಯ ಸೆಂಟರ್‌ಗಳಲ್ಲಿ ರೆಕಾರ್ಡ್ ಆದ ಸೂಚನೆ ಸಾಮಾನ್ಯವಾಗಿ ಹಿಂದಿ, ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿರುತ್ತದೆ. ಮಗನ ಮನೆಗೆಂದು ಕಲಬುರಗಿಯಿಂದ ಮುಂಬೈ ಪಕ್ಕದ ಡೊಂಬಿವಲಿಗೆ ಬಂದ ಅಜ್ಜಿಗೆ ಅದು ಅರ್ಥವಾಗುವ ಹೊತ್ತಿಗೆ ಸೀಕ್ವೆನ್ಸ್ (ಒಂದು ಸುತ್ತಿನ ಚಿತ್ರ ತೆಗೆತ) ಅರ್ಧ ಮುಗಿದಿರುತ್ತದೆ. ಕೋಣೆಯ ಹೊರಗೇ ಮೂರು ಸಲ ಅಭ್ಯಾಸ ಮಾಡಿಸಿ: "ಅಜ್ಜಿ, ಉಸಿರು ತಗೋರಿ, ಪೂರ್ತಿ ಬಿಡ್ರಿ, ಈಗ ಹಂಗ ಇರ್ರಿ." ಉಸಿರು ಬಿಟ್ಟ ಮೇಲೆ ಹಿಡಿದರೆ ಡಯಾಫ್ರಾಮ್ (ವಪೆ) ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತದೆ, ಎಳೆದುಕೊಂಡು ಹಿಡಿದರೆ ಅಷ್ಟು ಖಾತ್ರಿಯಿಲ್ಲ. ಹದಿನೈದು ಸೆಕೆಂಡು ಹಿಡಿಯಲಾಗದವರನ್ನು ಒತ್ತಾಯಿಸಬೇಡಿ. ನೀರಿನಂಶ ಬೆಳ್ಳಗೆ ಕಾಣುವ ಟಿ2 ಚಿತ್ರಕ್ಕೆ ನ್ಯಾವಿಗೇಟರ್ (ಡಯಾಫ್ರಾಮ್‌ನ ಚಲನೆ ಗಮನಿಸುತ್ತಾ ತೆಗೆಯುವುದು) ಅಥವಾ ಸಿಂಗಲ್ ಶಾಟ್ (ಒಂದೇ ಬಾರಿಗೆ ಇಡೀ ಚಿತ್ರ), ಕಾಂಟ್ರಾಸ್ಟ್ (ಅಂಗ ಎದ್ದು ಕಾಣಿಸುವ ಚುಚ್ಚುಮದ್ದು) ಕೊಟ್ಟ ಮೇಲಿನ ಇನ್ನೊಂದು ಬಗೆಯ ಚಿತ್ರ ಟಿ1ಗೆ ಉಸಿರಾಡುತ್ತಲೇ ತೆಗೆಯುವ ರೇಡಿಯಲ್ (ಚಕ್ರದ ಕಡ್ಡಿಗಳಂತೆ ನಡುವಿನಿಂದ ಹಾದು ಅಳೆಯುವ) ಸೀಕ್ವೆನ್ಸ್ ಹಾಕಿ.