ಜೇಬಲ್ಲಿ ಡ್ರಾಪ್ಸ್ ಬಾಟ್ಲಿ, ಆದ್ರೂ ಬಿಡದ ಮೂಗು

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ರು ಬಂದಿದ್ರು. ಕೂತ ಕೂಡ್ಲೆ ಶರ್ಟಿನ ಜೇಬಿಂದ ಮೂಗಿಗೆ ಬಿಡೋ ಡ್ರಾಪ್ಸ್ ಬಾಟ್ಲಿ ತೆಗ್ದು ಮೇಜಿನ ಮೇಲಿಟ್ರು. ನಾಲ್ಕು ವರ್ಷದಿಂದ ಹಾಕ್ತಿದಾರಂತೆ, ಮೊದ್ಲು ರಾತ್ರಿ ಎರಡು ಹನಿ ಸಾಕಿತ್ತು, ಆಮೇಲೆ ಬೆಳಿಗ್ಗೆನೂ ಬೇಕಾಯ್ತು, ಈಗ ಎರಡು ಮೂರು ಗಂಟೆಗೊಮ್ಮೆ. "ಎಂತ ಮಾಡೋದು ಡಾಕ್ಟ್ರೇ, ಇದಿಲ್ದಿದ್ರೆ ರಾತ್ರಿಯಿಡೀ ಬಾಯಲ್ಲೇ ಉಸಿರಾಡ್ಬೇಕು" ಅಂದ್ರು.

ಇಂಥವರು ನನ್ನ ಹತ್ರ ಬರ್ತಾನೇ ಇರ್ತಾರೆ, ಪ್ರತಿ ಸಲ ಬೇಜಾರಾಗತ್ತೆ, ಯಾಕಂದ್ರೆ ಆ ಬಾಟ್ಲಿನೇ ಈಗ ಕಾಯಿಲೆ. ಮೂಗು ಕಟ್ಟೋದು ಅಂದ್ರೆ ಸಿಂಬಳ ತುಂಬ್ಕೊಂಡಿದೆ ಅಂತ ಎಲ್ರೂ ತಿಳ್ಕೊಂಡಿರ್ತಾರೆ, ಆದ್ರೆ ತುಂಬಾ ಸಲ ಒಳಗೆ ಸಿಂಬಳ ಇರೋದೇ ಇಲ್ಲ, ಊತ ಇರತ್ತೆ. ಮೂಗಿನ ಎರಡೂ ಪಕ್ಕದ ಗೋಡೆಯಲ್ಲಿ ಟರ್ಬಿನೇಟ್ ಅನ್ನೋ ಸ್ಪಂಜಿನಂಥ ಭಾಗ ಇದೆ, ಅದಕ್ಕೆ ರಕ್ತ ತುಂಬಿದ್ರೆ ಉಬ್ಬತ್ತೆ, ದಾರಿ ಮುಚ್ಚತ್ತೆ. ಆರೋಗ್ಯವಾಗಿರೋರಲ್ಲೂ ಕೆಲವು ಗಂಟೆಗೊಮ್ಮೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಇಳೀತಿರತ್ತೆ, ಅದು ಸಹಜ. ಡ್ರಾಪ್ಸಲ್ಲಿರೋ ಕ್ಸೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್ ಆ ರಕ್ತನಾಳಗಳನ್ನ ಬಿಗಿ ಮಾಡತ್ತೆ, ಐದು ಹತ್ತು ನಿಮಿಷದಲ್ಲಿ ಮೂಗು ಬಿಡತ್ತೆ. ಶೀತ ಆದಾಗ 3 ದಿನ, ಹೆಚ್ಚಂದ್ರೆ 5 ದಿನ ಹಾಕಿ, ತೊಂದ್ರೆ ಇಲ್ಲ. ಅದಕ್ಕಿಂತ ಜಾಸ್ತಿ ಆದ್ರೆ ಔಷಧಿ ಇಳಿದ ಕೂಡ್ಲೆ ಮೊದಲಿಗಿಂತ ಜಾಸ್ತಿ ಊದ್ಕೊಳತ್ತೆ, ಮತ್ತೆ ಹಾಕ್ತೀರಿ, ಮತ್ತೆ ಊದತ್ತೆ.

ಅವರಿಗೆ ಒಂದು ಹೊಳ್ಳೆಗೆ ಮೊದ್ಲು ನಿಲ್ಲಿಸಿ ಅಂದೆ, ಜೊತೆಗೆ ಎರಡೂ ಕಡೆ ದಿನಾ ಸ್ಟೀರಾಯ್ಡ್ ಸ್ಪ್ರೇ. ಆ ಹೊಳ್ಳೆ ಬಿಟ್ಕೊಂಡ ಮೇಲೆ ಇನ್ನೊಂದು ಹೊಳ್ಳೆಗೂ ನಿಲ್ಸೋದು. ಮೊದಲ ವಾರ ಕಷ್ಟ ಆಯ್ತು, ಫೋನ್ ಮಾಡಿ ಬೈದಂಗೇ ಮಾತಾಡಿದ್ರು, ಆದ್ರೆ ತಿಂಗಳೊಳಗೆ ಬಾಟ್ಲಿ ಬಿಟ್ರು. ಸ್ಟೀರಾಯ್ಡ್ ಅಂದ ತಕ್ಷಣ ಹೆದ್ರಬೇಡಿ, ಫ್ಲುಟಿಕಾಸೋನ್, ಮೊಮೆಟಾಸೋನ್ ಥರದ ಸ್ಪ್ರೇಗಳಿಂದ ಮೈಗೆ ಸೇರೋದು ತೀರಾ ಕಮ್ಮಿ, ಚಟನೂ ಆಗಲ್ಲ. ಆದ್ರೆ ಇದು ಡ್ರಾಪ್ಸ್ ಥರ ಕೂಡ್ಲೆ ಕೆಲಸ ಮಾಡಲ್ಲ, ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ಬೇಕು, ಮೂರೇ ದಿನಕ್ಕೆ ಬಿಟ್ಟು "ಏನೂ ಆಗ್ಲಿಲ್ಲ" ಅನ್ನೋರೇ ಜಾಸ್ತಿ. ಹೊಡೆಯೋ ರೀತಿನೂ ಮುಖ್ಯ: ತಲೆ ಸ್ವಲ್ಪ ಮುಂದೆ ಬಾಗ್ಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿ ಕಡೆಗಿರ್ಲಿ. ನಡುಗೋಡೆಗೆ ಹೊಡೆದ್ರೆ ರಕ್ತ ಬರತ್ತೆ.

ಅವರ ಮೂಗು ಮೊದ್ಲು ಕಟ್ಟಿದ್ದು ಯಾಕೆ ಅಂತ ಕೆದಕಿದಾಗ ನಮ್ಮ ಮಲೆನಾಡೇ ಸಿಕ್ತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳತ್ತೆ, ಸುತ್ತಮುತ್ತ ಜೂನಿಂದ ತಿಂಗಳುಗಟ್ಟಲೆ ಹಾಸಿಗೆ ಒಣಗೋದೇ ಇಲ್ಲ. ಅಂಥ ಥಂಡಿಯಲ್ಲಿ ಗೋಡೆಗೆ ಬೂಷ್ಟು ಹಿಡಿಯತ್ತೆ, ದಿಂಬು, ಕಂಬಳಿಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಬೆಳೆಯತ್ತೆ. ಇವರು ಅಟ್ಟದಲ್ಲಿಟ್ಟಿದ್ದ ಹಳೇ ಕಂಬಳಿ ಹೊದ್ದು, ಬೂಷ್ಟು ಗೋಡೆಗೆ ತಲೆ ಇಟ್ಟು ಮಲಗ್ತಿದ್ರು, ಚಳಿಗಾಲದಲ್ಲಿ ಒಣ ಅಡಿಕೆ ಸಿಪ್ಪೆ ಧೂಳು ಬೇರೆ. ಬೆಳಿಗ್ಗೆ ಎದ್ದ ಕೂಡ್ಲೆ ಸಾಲಾಗಿ ಸೀನು, ಮೂಗು ಕಣ್ಣು ತುರಿಕೆ, ನೀರಿನಂಥ ಸಿಂಬಳ ಇದ್ರೆ ಅದು ಶೀತ ಅಲ್ಲ, ಅಲರ್ಜಿ. ಮಂಚ ಗೋಡೆಯಿಂದ ದೂರ ಎಳೀರಿ, ಹೊದಿಕೆ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೀರಿ, ಬೂಷ್ಟನ್ನ ಒಣ ಪೊರಕೆಯಲ್ಲಿ ಗುಡಿಸ್ದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸಿಪ್ಪೆ ಹತ್ರ ಮಾಸ್ಕ್ ಹಾಕಿ.

ಉಪ್ಪುನೀರಲ್ಲಿ ಮೂಗು ತೊಳೆಯೋದು ನನಗೆ ತುಂಬಾ ಇಷ್ಟದ ಉಪಾಯ, ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಸಾಕು. ಆದ್ರೆ ನೀರು ಕುದಿಸಿ ಆರಿಸಿದ್ದೇ ಆಗ್ಬೇಕು, ಬಾವಿಯದ್ದೋ ಅಬ್ಬಿಯದ್ದೋ ಹಾಗೇ ಬೇಡ, ಅದರಲ್ಲಿರೋ ಅಮೀಬಾ ಅಪರೂಪಕ್ಕೆ ಮೂಗಿಂದ ಮೆದುಳಿಗೆ ಹೋಗಬಹುದು. ಹಬೆ ಹಿತ ಅನ್ಸತ್ತೆ, ಸರಿ, ಮಕ್ಕಳಿಗೆ ಬೇಡ, ಪಾತ್ರೆ ಮಗುಚಿ ಸುಟ್ಕೊಂಡವರನ್ನ ನೋಡಿದೀನಿ. ಮೆಂಥಾಲ್ ಮುಲಾಮು ಹಚ್ಚಿದ್ರೆ ತಂಪು ತಟ್ಟಿ ಮೂಗು ಬಿಟ್ಟಂಗೆ ಅನ್ಸತ್ತೆ ಅಷ್ಟೇ, ಊತ ಇಳಿಯಲ್ಲ.

"ಮೂಳೆ ಸೊಟ್ಟ ಇದೆ, ಆಪರೇಷನ್ ಮಾಡ್ಬಿಡಿ" ಅಂತ ಬರೋರಿಗೂ ಒಂದು ಮಾತು. ನಡುಗೋಡೆ ಸ್ವಲ್ಪ ಸೊಟ್ಟ ಇರೋದು ತುಂಬಾ ಜನರಿಗೆ. ವರ್ಷಗಳಿಂದ ಒಂದೇ ಕಡೆ ಕಟ್ಟಿದ್ರೆ, ಔಷಧಿಗೂ ಬಗ್ಗದಿದ್ರೆ ಆಪರೇಷನ್ ಯೋಚಿಸೋಣ. ಅಲರ್ಜಿ ಹಾಗೇ ಬಿಟ್ಟು ಮೂಳೆ ಮಾತ್ರ ಸರಿ ಮಾಡಿದ್ರೆ ಮೂಗು ಮತ್ತೆ ಕಟ್ಟತ್ತೆ. ಇನ್ನು ವಾಸನೆನೇ ಗೊತ್ತಾಗ್ತಿಲ್ಲ, ಎರಡೂ ಕಡೆ ಸದಾ ಕಟ್ಟಿದೆ ಅಂದ್ರೆ ಪಾಲಿಪ್, ಅಂದ್ರೆ ಮೂಗೊಳಗೆ ಬೆಳೆಯೋ ಮೆತ್ತನೆ ಗಡ್ಡೆ ಇರಬಹುದು, ಎಂಡೋಸ್ಕೋಪ್ ಅನ್ನೋ ಸಣ್ಣ ದುರ್ಬೀನು ಹಾಕಿ ನೋಡ್ಬೇಕು. ಮಕ್ಕಳು ಬಾಯಿ ತೆಗೆದೇ ಮಲಗಿ ಗೊರಕೆ ಹೊಡೆದ್ರೆ ಮೂಗಿನ ಹಿಂದಿರೋ ಅಡಿನಾಯ್ಡ್ ಅನ್ನೋ ಗ್ರಂಥಿ ಊದಿದೆಯಾ ಅಂತ ನೋಡಿಸಿ.

ಮಗುವಿಗೆ ಒಂದೇ ಹೊಳ್ಳೆಯಿಂದ ಗಬ್ಬುವಾಸನೆ ಸಿಂಬಳ ಬರ್ತಿದ್ರೆ ಒಳಗೆ ಹುಣಸೆ ಬೀಜವೋ ಬಟಾಣಿಯೋ ಸಿಕ್ಕಿರತ್ತೆ, ನೀವು ಪಿನ್ ಹಾಕಿ ಕೆದಕ್ಬೇಡಿ. ಬಟನ್ ಬ್ಯಾಟರಿ ಆದ್ರೆ ಕೆಲವೇ ಗಂಟೆಯಲ್ಲಿ ನಡುಗೋಡೆ ಸುಡತ್ತೆ, ಬೆಳಗಾಗ್ಲಿ ಅಂತ ಕಾಯ್ಬೇಡಿ. ಕೆರೆಯಲ್ಲಿ ಮುಳುಗಿ ಸ್ನಾನ ಮಾಡೋರಿಗೆ ಮೂಗಲ್ಲಿ ಮುಟ್ಟಿದ್ರೆ ರಕ್ತ ಬರೋ ಕೆಂಪು ಗಡ್ಡೆ ಬೆಳೆದ್ರೆ ರೈನೋಸ್ಪೊರಿಡಿಯೋಸಿಸ್ ಅನ್ನೋ ಸೋಂಕು ಇರಬಹುದು, ಆ ಗಡ್ಡೆನ ಆಪರೇಷನ್ನಲ್ಲಿ ಪೂರ್ತಿ ತೆಗೆದು ಅದರ ಬುಡ ಸುಡಲೇಬೇಕು. ದೊಡ್ಡವರಿಗೆ ಒಂದೇ ಕಡೆ ಕಟ್ಟಿ ರಕ್ತ ಬರ್ತಿದ್ರೆ ಈ ವಾರವೇ ತೋರಿಸಿ. ಶುಗರ್ ಇರೋರಿಗೆ ಮುಖ ಊದಿ, ಕಣ್ಣು ನೋವು ಬಂದು, ಮೂಗಲ್ಲಿ ಕಪ್ಪು ಹಕ್ಕಳೆ ಕಂಡ್ರೆ ಅವತ್ತೇ, ರಾತ್ರಿಯಾದ್ರೂ, ದೊಡ್ಡಾಸ್ಪತ್ರೆಗೆ ಹೊರಡಿ.