ಗೋವಿನ ಹಾಡು ಕೇಳಿ ಮಗು ಅತ್ತರೆ ಹಾಡಬೇಕಾ, ಬಿಡಬೇಕಾ?

ಪ್ರಶ್ನೆ: ನಾಲ್ಕು ವರ್ಷದ ಮಗಳು ಪುಣ್ಯಕೋಟಿ ಹಾಡು ಕೇಳಿದಾಗಲೆಲ್ಲ ಅಳುತ್ತಾಳೆ. ‘ಅಮ್ಮಾ, ನೀನೂ ಸಾಯ್ತೀಯಾ?’ ಅಂತಾಳೆ. ಹುಲಿ ಸಾಯುವ ಭಾಗ ಬಿಟ್ಟು ಹಾಡಬಹುದಾ?

ಬಿಡಬೇಡಿ, ಪೂರ್ತಿ ಹಾಡಿ.

ಮೊದಲು ಅವಳು ಎಲ್ಲಿ ಅಳುತ್ತಾಳೆ ಗಮನಿಸಿ. ಜಾಸ್ತಿ ಮಕ್ಕಳ ಕಣ್ಣು ತುಂಬುವುದು ‘ಆರ ಮೊಲೆಯನು ಕುಡಿಯಲಮ್ಮ, ಆರ ಬಳಿಯಲಿ ಮಲಗಲಮ್ಮ’ ಎಂದು ಕರು ಕೇಳುವಾಗ. ಸಾವು ಅಂದರೇನು ಎಂಬ ಪ್ರಶ್ನೆ ಕರುವಿಗಿಲ್ಲ. ಹಾಲು ಯಾರು ಕೊಡುತ್ತಾರೆ, ರಾತ್ರಿ ಯಾರ ಪಕ್ಕ ಮಲಗಲಿ, ಅಷ್ಟೇ. ನಿಮ್ಮ ಮಗಳು ಕೇಳುತ್ತಿರುವುದೂ ಅದನ್ನೇ.

ತಾಯಿ ಏನು ಮಾಡುತ್ತಾಳೆ ನೋಡಿ. ‘ಏನೂ ಆಗಲ್ಲ ಕಂದ’ ಎಂದು ಸುಳ್ಳು ಹೇಳುವುದಿಲ್ಲ. ದೊಡ್ಡಿಯ ಹಸುಗಳನ್ನು ಅಮ್ಮ, ಅಕ್ಕ ಎಂದು ಕರೆದು ಕರುವನ್ನು ಒಪ್ಪಿಸುತ್ತಾಳೆ. ‘ಮುಂದೆ ಬಂದರೆ ಹಾಯದಿರಿ, ಹಿಂದೆ ಬಂದರೆ ಒದೆಯದಿರಿ’ ಎಂದು ಬೇಡುತ್ತಾಳೆ. ಹಸು ಸಾಕಿದವರಿಗೆ ಇದು ಗೊತ್ತು: ತನ್ನದಲ್ಲದ ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಹಸು ಒದೆಯುತ್ತದೆ. ತಾನು ಸಾಯಲು ಹೊರಟಾಗಲೂ ಈ ತಾಯಿಗೆ ಮಗನಿಗೆ ಬೀಳಬಹುದಾದ ಒದೆಯದೇ ಚಿಂತೆ. ಈ ಸಾಲಿಗೆ ಬಂದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಹಂಗೇರಿಯ ಮಕ್ಕಳನ್ನು ಮಾತಾಡಿಸಿ ಮಾಡಿದ ಒಂದು ಹೆಸರಾಂತ ಅಧ್ಯಯನ 1948ರಲ್ಲಿ ಪ್ರಕಟವಾಯಿತು. 5 ವರ್ಷದೊಳಗಿನ ಮಕ್ಕಳು ಸತ್ತವರು ಎಲ್ಲೋ ಹೋಗಿದ್ದಾರೆ, ಇಲ್ಲವೇ ನಿದ್ದೆಯಲ್ಲಿದ್ದಾರೆ ಎಂದುಕೊಳ್ಳುವುದು ಅದರಲ್ಲಿ ಕಂಡಿತ್ತು. ಹಾಗಾಗಿ ‘ತಾತ ಮಲಗಿಬಿಟ್ರು’ ಎಂಬಂಥ ಮಾತು ಬೇಡ. ಮಗು ಮಲಗಲಿಕ್ಕೇ ಹೆದರಬಹುದು. ಹಾಡು ನೇರವಾಗಿ ‘ಪ್ರಾಣವ ಬಿಟ್ಟಿತು’ ಎನ್ನುತ್ತದೆ.

ಇನ್ನು ಹುಲಿ. ‘ಕೆಟ್ಟ ಹುಲಿ ಸತ್ತಿತು, ಒಳ್ಳೇದಾಯ್ತು’ ಎಂದು ಸಮಾಧಾನ ಮಾಡಬೇಡಿ. ಪಾಪ, ಅದಕ್ಕೆ ಹಸಿವಿತ್ತು. ಪುಣ್ಯಕೋಟಿಯನ್ನು ಅದು ಒಡಹುಟ್ಟಿದ ಅಕ್ಕ ಎಂದು ಕರೆಯುತ್ತದೆ. ಯಾಕೆ ಸತ್ತಿತು ಎಂದು ಮಗಳು ಕೇಳಿದರೆ ‘ಅದಕ್ಕೆ ತುಂಬಾ ದುಃಖ ಆಗಿತ್ತು. ಬದುಕಿರಬೇಕಿತ್ತು ಅಂತ ನನಗೂ ಅನ್ಸುತ್ತೆ’ ಎನ್ನಿ.

ಎಷ್ಟೋ ಮನೆಗಳಲ್ಲಿ ಹಾಡು ಇಲ್ಲಿಗೇ ನಿಲ್ಲುತ್ತದೆ. ಮುಂದಿನದನ್ನೂ ಹಾಡಿ. ಪುಣ್ಯಕೋಟಿ ನಲಿಯುತ್ತಾ ಕರುವಿಗೆ ಹಾಲೂಡಿಸುತ್ತಾಳೆ, ಗೊಲ್ಲನನ್ನು ಕರೆದು ಸಂಕ್ರಾಂತಿಯಂದು ಕೃಷ್ಣನನ್ನು ಭಜಿಸಲು ಹೇಳುತ್ತಾಳೆ. ಯಾರ ಹಾಲು ಕುಡಿಯಲಿ ಎಂದು ಅತ್ತ ಕರುವಿಗೆ ಹಾಲು ಸಿಕ್ಕಿದ್ದನ್ನು ಮಗು ಕೇಳಬೇಕಲ್ವಾ?

‘ನೀನೂ ಸಾಯ್ತೀಯಾ?’ ಎಂದರೆ ಹೌದು ಎನ್ನಿ. ಎಲ್ಲರೂ ಒಂದಿನ ಸಾಯ್ತಾರೆ, ಆದರೆ ತುಂಬಾ ವರ್ಷ ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದೀನಿ ಎನ್ನಿ. ಆಮೇಲೆ ಅವಳನ್ನು ನೋಡಿಕೊಳ್ಳುವವರನ್ನು ಒಬ್ಬೊಬ್ಬರಾಗಿ ಹೇಳಿ: ಅಪ್ಪ, ಅಜ್ಜಿ, ಚಿಕ್ಕಮ್ಮ, ಮಾವ. ಊಟ ಯಾರು ಮಾಡಿಸ್ತಾರೆ, ಯಾರ ಪಕ್ಕ ಮಲಗೋದು ಅನ್ನುವುದನ್ನೂ ಹೇಳಿ. ಇಷ್ಟಾದರೂ ಹಾಡು ಬೇಡ ಎಂದರೆ ಕೆಲವು ತಿಂಗಳು ಸುಮ್ನೆ ಬಿಟ್ಟು, ಅವಳೇ ಕೇಳಿದಾಗ ಹಾಡಿ.