ಹೊಲಕ್ಕೆ ಬೇಡವಾದ ಮಣ್ಣು ಮಾಳಿಗೆ ಕಾಯುತ್ತದೆ

ಚಿತ್ರದುರ್ಗ, ಬಳ್ಳಾರಿ ಕಡೆಯ ಮಾಳಿಗೆ ಮನೆ, ಅಂದರೆ ಮಟ್ಟಸ ಮಣ್ಣಿನ ಚಾವಣಿಯ ಮನೆ, ನೋಡಿದವರು ಮೊದಲು ಕೇಳುವ ಪ್ರಶ್ನೆ: "ಮೇಲೂ ಮಣ್ಣೇ! ಮಳೆಗೆ ಸೋರಲ್ವಾ?" ಸರಿಯಾಗಿ ಕಟ್ಟಿದ್ದರೆ, ಮಳೆಗಾಲಕ್ಕೆ ಮುಂಚೆ ಮೇಲ್ಪದರ ಸರಿ ಮಾಡಿಕೊಂಡಿದ್ದರೆ ಸೋರುವುದಿಲ್ಲ. ತೊಲೆ, ಜಂತೆ, ಸೊಪ್ಪುಸದೆ, ಮಣ್ಣು, ಎಲ್ಲದರ ಮೇಲೆ ಕರಲು ಮಣ್ಣು. ಗುಟ್ಟಿರುವುದು ಈ ಕರಲಿನಲ್ಲಿ.

ಕರಲು ನೆಲ ಅಂದರೆ ರೈತರಿಗೆ ತಲೆನೋವು. ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಉಪ್ಪು ಕಟ್ಟಿರುತ್ತದೆ. ಮಳೆ ಬಂದರೆ ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಆದರೆ ನೀರು ಕೆಳಗಿಳಿಯಬಾರದು ಅನ್ನುವುದೇ ಮಾಳಿಗೆಗೆ ಬೇಕಾದ್ದು!

ಇದಕ್ಕೆ ಕಾರಣ ಸೋಡಿಯಂ. ಜೇಡಿಯ ಕಣಗಳು ತೆಳು ಹಾಳೆಗಳು. ಕೆಲವು ಜೇಡಿಗಳಲ್ಲಿ ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಷ್ಟೇ. ಒಳ್ಳೆಯ ಹೊಲದಲ್ಲಿ ಈ ಹಾಳೆಗಳನ್ನು ಕ್ಯಾಲ್ಸಿಯಂ ಹಿಡಿದಿಟ್ಟಿರುತ್ತದೆ. ಅದಕ್ಕೆ ಎರಡು ಕೈ ಇದ್ದಂತೆ, ಆಚೆಗೊಂದು ಈಚೆಗೊಂದು. ಹಾಳೆಗಳು ಗುಂಪುಗೂಡಿ ಹರಳು ಹರಳಾಗುತ್ತವೆ, ನಡುವಿನ ಸಂದಿನಲ್ಲಿ ನೀರು ಇಳಿಯುತ್ತದೆ. ಸೋಡಿಯಂಗೆ ಒಂದೇ ಕೈ, ಜೊತೆಗೆ ಸುತ್ತ ನೀರು ಸೇರಿಸಿಕೊಳ್ಳುವ ಚಾಳಿ. ಹಾಳೆಗಳು ಹೀಗೆ ಹಿಡಿದಿಟ್ಟ ಕ್ಯಾಲ್ಸಿಯಂ, ಸೋಡಿಯಂನಂಥ ಧಾತುಗಳಲ್ಲಿ ಸೋಡಿಯಂ ಪಾಲು ಶೇ. 15 ದಾಟಿತೆಂದರೆ ಆಟ ಬದಲಾಗುತ್ತದೆ. ಮಳೆನೀರು ಬಿದ್ದೊಡನೆ ಹಾಳೆಗಳು ಉಬ್ಬಿ, ಬಿಡಿಬಿಡಿಯಾಗಿ, ಸಂದುಗೊಂದುಗಳಲ್ಲಿ ಹೋಗಿ ಕೂರುತ್ತವೆ. ಬಚ್ಚಲ ಕಿಂಡಿಗೆ ಒದ್ದೆ ಎಲೆ ಅಂಟಿಕೊಂಡ ಹಾಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಜರಡಿಯಲ್ಲಿ ಕಾಳು ಸುರಿದರೆ ನೀರು ಸೋರುತ್ತದೆ, ನುಣ್ಣನೆ ಹಿಟ್ಟು ಕಲಸಿ ಮೆತ್ತಿದರೆ ನಿಲ್ಲುತ್ತದೆ. ಮಣ್ಣು ಒಣಗಿದಾಗ ಬಿಟ್ಟ ಬಿರುಕು ಕೂಡ ಮೊದಲ ಮಳೆಗೆ ತಾನೇ ಮುಚ್ಚಿಕೊಳ್ಳುವುದು ಹೀಗೇ. ಕೊಳವೆ ಬಾವಿ ಕೊರೆಯುವಾಗ, ಕಸದ ಗುಂಡಿಯ ತಳ ಮುಚ್ಚುವಾಗ ಬಳಸುವ ಸೋಡಿಯಂ ಬೆಂಟೊನೈಟ್ ಎಂಬ ಜೇಡಿ ಮಾಡುವ ಕೆಲಸವೂ ಇದೇ.

ಈ ಉಪ್ಪು ಮಣ್ಣಿಗೆ ಬೇರೆ ಉಪಯೋಗವೂ ಇತ್ತು. ಅಗಸರು ಇಂಥ ಚೌಳು (ಕ್ಷಾರ) ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಹೊಸದುರ್ಗದ ಹತ್ತಿರದ ಮತ್ತೋಡಿನ ಗಾಜಿನ ಬಳೆ ಕೆಲಸದ ಬಗ್ಗೆ ಬರೆದಿದ್ದಾನೆ. ಆ ಗಾಜಿಗೂ ಚೌಳಿನ ಸೋಡಾ ಬೇಕಿತ್ತು.

ನನಗೆ ಸಂಕಟವಾಗುವುದು ಇಂಥ ಮಾಳಿಗೆ ಮೇಲೆ ಸುಮ್ನೆ ಸಿಮೆಂಟ್ ಬಳಿಯುವುದನ್ನು ನೋಡಿದಾಗ. ಕೆಳಗಿನ ಮಣ್ಣು ಉಬ್ಬುತ್ತದೆ, ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಅಲ್ಲಾಡಲಾರದೆ ಬಿರಿಯುತ್ತದೆ. ಬಿರುಕಲ್ಲಿ ಇಳಿದ ನೀರಿಗೆ ಮೇಲಿಂದ ಆರಿಹೋಗಲು ದಾರಿ ಇರುವುದಿಲ್ಲ. ಜಂತೆ ಕೊಳೆಯುತ್ತದೆ. ಬೈಗುಳ ಮಾತ್ರ ಮಣ್ಣಿಗೆ!

ನಿಮ್ಮೂರಿನ ಮಣ್ಣು ಕರಲೋ ಅಲ್ಲವೋ, ನೀವೇ ನೋಡಬಹುದು. ಗಾಜಿನ ಲೋಟದಲ್ಲಿ ಹಿಡಿದ ಮಳೆನೀರಿಗೆ ಒಣ ಹೆಂಟೆಯೊಂದನ್ನು ಮೆಲ್ಲಗೆ ಬಿಡಿ, ಕಲಕಬೇಡಿ. ಕರಲಾದರೆ ಹೆಂಟೆಯ ಸುತ್ತ ಹಾಲು ಹರಡಿದಂತೆ ನೀರು ಬಗ್ಗಡವಾಗುತ್ತದೆ, ಮರುದಿನವೂ ತಿಳಿಯಾಗುವುದಿಲ್ಲ. ಆಮೇಲೆ ಒಂದು ಚಿಟಿಕೆ ಜಿಪ್ಸಂ ಹಾಕಿ ಕಲಕಿ. ಕರಲು ಹೊಲ ಸರಿಪಡಿಸಲು ರೈತರು ಹಾಕುವುದೂ ಇದನ್ನೇ, ಅದರಲ್ಲಿ ಕ್ಯಾಲ್ಸಿಯಂ ಇದೆ. ಹಾಳೆಗಳು ಮತ್ತೆ ಕೂಡಿಕೊಂಡು ತಳಕ್ಕಿಳಿಯುತ್ತವೆ, ಮೇಲೆ ನೀರು ತಿಳಿಯಾಗುತ್ತದೆ. ಮಾಳಿಗೆಗೆ ಮಾತ್ರ ಅದನ್ನು ಹಾಕಬೇಡಿ.